ಕಚೇರಿಯ ಜೆರಾಕ್ಸ್ ಮಿಷನ್ನಿಗೆ ನೆಟ್‌ವರ್ಕ್ ತಪ್ಪಿದಾಗ ಮಾಡಬೇಕಾದುದೇನು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ತಿಳಿವಳಿಕೆ ಸಭೆಯಲ್ಲಿ ಕಚೇರಿ ಸಿಬ್ಬಂದಿಯ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಕಚೇರಿ ಸಿಬ್ಬಂದಿಯಾದ ನಮಗೂ ನಾಲ್ಕು ಮಾತನಾಡಲು ಅವಕಾಶ ಮಾಡಿಕೊಟ್ಟ ಆಡಳಿತ ಮಂಡಳಿಗೆ ಮೊದಲಾಗಿ ನಮ್ಮ ವಂದನೆಗಳು. ಸಹಕಾರ ಚಳವಳಿಯ ಇತಿಹಾಸವನ್ನು ಹೇಳಲು ನಮಗಿಂತ ಬಲ್ಲವರು ಈ ವೇದಿಕೆಯಲ್ಲಿದ್ದಾರೆ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪ ಇಂದು ಹಳ್ಳಿಹಳ್ಳಿಗೂ ಬೆಳಕು ಕೊಟ್ಟಿದೆ. ಅದರ ಬಗ್ಗೆ ದೊಡ್ಡವರು ಮಾತನಾಡುತ್ತಾರೆ. ನಾವು ಮಾತ್ರ ಕಚೇರಿಯ ಮೂಲೆಯಲ್ಲಿ ಕುಳಿತಿರುವ ಒಂದು ಯಂತ್ರದ ವಿಷಯ ಹೇಳಲು ನಿಂತಿದ್ದೇವೆ. ಬೆಳ್ಳಿಹಬ್ಬದಲ್ಲಿ ಜೆರಾಕ್ಸ್ ಮಿಷನ್ನಿನ ಮಾತೇ ಎಂದು ಕೆಲವರಿಗೆ ನಗು ಬಂದೀತು. ಆದರೆ ಸ್ವಾಮಿ, ಸಂಘದ ಬಾಗಿಲಿಗೆ ಬಂದ ಸದಸ್ಯರನ್ನು "ನೆಟ್ ಇಲ್ಲ, ನಾಳೆ ಬನ್ನಿ" ಎಂದು ವಾಪಸು ಕಳಿಸುವುದು ನಗುವ ವಿಷಯವಲ್ಲ.

ಪಹಣಿ, ಆಧಾರ್, ಪಾಸ್ ಪುಸ್ತಕಗಳ ಪ್ರತಿ ತೆಗೆಯದೆ, ಅವನ್ನು ಸ್ಕ್ಯಾನ್ ಮಾಡಿ ಕಳಿಸದೆ ಇಂದು ಸಾಲದ ಕೆಲಸ ಮುಂದಕ್ಕೆ ಹೋಗುವುದಿಲ್ಲ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟ ಮೇಲಂತೂ ಹಳ್ಳಿಯ ಸಂಘವೂ ಕಂಪ್ಯೂಟರಿನ ದಾರಕ್ಕೆ ಪೋಣಿಸಲ್ಪಟ್ಟಿದೆ. ಆ ದಾರ ಎಲ್ಲೋ ಒಂದು ಕಡೆ ಕಡಿದರೆ ಕೂಲಿ ಬಿಟ್ಟು ಬಂದವರಿಗೆ ಒಂದು ದಿನದ ಕೂಲಿ ಹೋಯಿತು. ಗಡುವಿನೊಳಗೆ ಸಾಲ ತೀರಿಸಿದವರಿಗೆ ಮಾತ್ರ ಬಡ್ಡಿ ರಿಯಾಯಿತಿ ಎಂಬ ನಿಯಮ ಇರುವಾಗ, ಗಡುವು ಹತ್ತಿರ ಬಂದ ದಿನಗಳಲ್ಲಿ "ನಾಳೆ" ಎಂಬ ಮಾತಿಗೆ ಬಹಳ ಬೆಲೆ ತೆರಬೇಕಾಗುತ್ತದೆ. ಆದ್ದರಿಂದ ಈ ಮಿಷನ್ನಿಗೆ ಸಂಪರ್ಕ ತಪ್ಪಿದಾಗ ದೋಷವನ್ನು ಕ್ರಮವಾಗಿ ಹುಡುಕುವುದು ಹೇಗೆ ಎಂಬುದು ಕಚೇರಿಯವರಿಗಷ್ಟೇ ಅಲ್ಲ, ಸದಸ್ಯರಿಗೂ ಗೊತ್ತಿರಲಿ ಎಂಬುದು ನಮ್ಮ ಆಶಯ.

ನಾವೆಲ್ಲ "ಜೆರಾಕ್ಸ್" ಎನ್ನುವುದು ನಿಜವಾಗಿ ಒಂದು ಕಂಪನಿಯ ಹೆಸರು. 1938ರ ಅಕ್ಟೋಬರ್ 22ರಂದು ಅಮೆರಿಕದ ನ್ಯೂಯಾರ್ಕ್ ನಗರದ ಅಸ್ಟೋರಿಯಾ ಎಂಬಲ್ಲಿ ಚೆಸ್ಟರ್ ಕಾರ್ಲ್‌ಸನ್ ಎಂಬುವರು ನೀರಿನ ಶಾಯಿ ಇಲ್ಲದೆ, ಒಣ ಪುಡಿಯಿಂದ ಮೊದಲ ಪ್ರತಿ ತೆಗೆದರು. ಅದನ್ನು ಕಚೇರಿಯಲ್ಲಿ ಬಳಸುವ ಯಂತ್ರವಾಗಿ ಜೆರಾಕ್ಸ್ 914 ಎಂಬ ಹೆಸರಿನಲ್ಲಿ ಹೊರತಂದದ್ದು 1959ರಲ್ಲಿ. ಇನ್ನೊಂದು ಸ್ವಾರಸ್ಯ ಕೇಳಿ. ಇಂದು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸುವ ಈಥರ್ನೆಟ್ ಎಂಬ ವಿಧಾನ ಹುಟ್ಟಿದ್ದೂ ಅದೇ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. 1973ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅವರು ಇದಕ್ಕೆ ರೂಪ ಕೊಟ್ಟರು. ಹಲವು ಕಂಪ್ಯೂಟರುಗಳಿಗೆ ಒಂದೇ ಲೇಸರ್ ಮುದ್ರಕ ಸಾಕಾಗಬೇಕು ಎಂಬುದೂ ಅದರ ಉದ್ದೇಶಗಳಲ್ಲಿ ಒಂದು. ಒಂದು ಯಂತ್ರ, ಹತ್ತು ಜನರಿಗೆ ಉಪಯೋಗ. ಸಹಕಾರ ತತ್ವವೂ ಇದೇ ತಾನೆ?

ಇನ್ನು ವಿಷಯಕ್ಕೆ ಬರೋಣ. ಬೋರ್‌ವೆಲ್ಲಿನಲ್ಲಿ ನೀರು ಬರಲಿಲ್ಲ ಎಂದ ಕೂಡಲೇ ಯಾವ ರೈತನೂ ಪೈಪು ಎತ್ತಿಸುವುದಿಲ್ಲ. ಮೊದಲು ಕರೆಂಟು ಇದೆಯೇ, ಮೂರೂ ಫೇಸ್ ಬಂದಿದೆಯೇ, ಫ್ಯೂಸು ಸರಿ ಇದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ ಎಂದು ನೋಡುತ್ತಾನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಮಿಷನ್ನಿನ ವಿಷಯದಲ್ಲಿ ಮಾತ್ರ ನಾವು ಈ ಬುದ್ಧಿಯನ್ನು ಮರೆತು, ಕಂಡ ಗುಂಡಿಯನ್ನೆಲ್ಲ ಒತ್ತಿ, ಇದ್ದ ತಂತಿಯನ್ನೆಲ್ಲ ಕಿತ್ತು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತೇವೆ. ಹಾಗಾಗಬಾರದು.

ಮೊದಲ ಪ್ರಶ್ನೆ ಇದು: ನಿಂತಿರುವುದು ಯಾವ ಕೆಲಸ? ಈಗಿನ ಮಿಷನ್ನು ಮೂರು ಕೆಲಸ ಮಾಡುತ್ತದೆ. ಗಾಜಿನ ಮೇಲೆ ಕಾಗದ ಇಟ್ಟರೆ ಪ್ರತಿ ತೆಗೆಯುತ್ತದೆ. ಕಂಪ್ಯೂಟರಿನಿಂದ ಕಳಿಸಿದ್ದನ್ನು ಮುದ್ರಿಸುತ್ತದೆ. ಕಾಗದವನ್ನು ಓದಿ ಕಂಪ್ಯೂಟರಿಗೋ ಇ-ಮೇಲಿಗೋ ಕಳಿಸುತ್ತದೆ. ಪ್ರತಿ ತೆಗೆಯುವುದಕ್ಕೆ ನೆಟ್‌ವರ್ಕ್ ಬೇಕಾಗಿಲ್ಲ. ಪ್ರತಿ ಬರುತ್ತಿದೆ, ಮುದ್ರಣ ಬರುತ್ತಿಲ್ಲ ಎಂದರೆ ಮಿಷನ್ನಿನ ಹೊಟ್ಟೆ ಚೆನ್ನಾಗಿದೆ, ದಾರಿಯಲ್ಲಿ ಎಲ್ಲೋ ತಡೆ ಇದೆ ಎಂದು ಅರ್ಥ. ಒಂದು ಕಂಪ್ಯೂಟರಿನಿಂದ ಮುದ್ರಣ ಬಂದು ಇನ್ನೊಂದರಿಂದ ಬರದಿದ್ದರೆ ತಪ್ಪು ಆ ಎರಡನೆಯ ಕಂಪ್ಯೂಟರಿನದು. ಮುದ್ರಣ ಸರಿಯಾಗಿ ಬಂದು ಸ್ಕ್ಯಾನ್ ಮಾತ್ರ ಹೋಗದಿದ್ದರೆ ತಂತಿ ಸರಿ ಇದೆ, ನೋಡಬೇಕಾದುದು ಪಾಸ್‌ವರ್ಡು ಮುಂತಾದುವನ್ನು. ಇಷ್ಟನ್ನು ಕೇಳಿಕೊಂಡರೆ ಅರ್ಧ ಹುಡುಕಾಟ ಮುಗಿದಂತೆ.

ಎರಡನೆಯದು ತಂತಿ. ಮಿಷನ್ನಿನ ಹಿಂಬದಿಯಲ್ಲಿ ತಂತಿ ಸಿಕ್ಕಿಸುವ ಕಿಂಡಿಯ ಪಕ್ಕದಲ್ಲಿ ಸಾಮಾನ್ಯವಾಗಿ ಪುಟ್ಟ ದೀಪವಿರುತ್ತದೆ. ಅದು ಉರಿಯುತ್ತಿದ್ದರೆ ಆ ತುದಿಗೂ ಈ ತುದಿಗೂ ಸಂಪರ್ಕವಿದೆ. ಉರಿಯದಿದ್ದರೆ ತಂತಿಯ ತುದಿಯನ್ನು ಬಿಡಿಸಿ, "ಟಕ್" ಎಂದು ಸದ್ದಾಗುವಂತೆ ಮತ್ತೆ ಕೂರಿಸಬೇಕು. ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದಿದ್ದರೆ ಅದು ಸಡಿಲವಾಗಿ ಆಗಾಗ ಕೈಕೊಡುತ್ತದೆ. ಗೊಬ್ಬರ, ಬಿತ್ತನೆ ಬೀಜ ಇಡುವ ಕಟ್ಟಡದಲ್ಲಿ ಇಲಿ ಇರದೆ ಹೋಗುತ್ತದೆಯೇ? ಅದು ತಂತಿ ಕಡಿದಿದೆಯೇ ನೋಡಬೇಕು. ಸರಿಯಾಗಿರುವ ಬೇರೆ ತಂತಿಯನ್ನು ತಂದು ಹಾಕಿ ನೋಡುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಈ ತಂತಿ 100 ಮೀಟರಿಗಿಂತ ಉದ್ದವಾಗಬಾರದು ಎಂಬುದನ್ನೂ ಕಚೇರಿಯಿಂದ ಗೋದಾಮಿಗೆ ತಂತಿ ಎಳೆಸುವವರು ನೆನಪಿಡಬೇಕು.

ತಂತಿಯ ಇನ್ನೊಂದು ತುದಿ ಸ್ವಿಚ್ ಎಂಬ ಪುಟ್ಟ ಡಬ್ಬಿಯಲ್ಲಿರುತ್ತದೆ. ಇದು ದೀಪ ಹಾಕುವ ಸ್ವಿಚ್ಚಲ್ಲ, ತಂತಿಗಳೆಲ್ಲ ಬಂದು ಸೇರುವ ಕೂಡುರಸ್ತೆ. ಕಂಪ್ಯೂಟರಿಗೆ ಯು.ಪಿ.ಎಸ್. ಹಾಕಿಸಿ ಈ ಡಬ್ಬಿಯನ್ನು ಬರಿಯ ಕರೆಂಟಿಗೆ ಬಿಟ್ಟಿದ್ದರೆ ಕರೆಂಟು ಹೋದಾಗ ಕಂಪ್ಯೂಟರು ಎದ್ದಿರುತ್ತದೆ, ದಾರಿ ಮಲಗಿರುತ್ತದೆ. ಸ್ವಿಚ್ಚನ್ನೂ ರೂಟರನ್ನೂ ಯು.ಪಿ.ಎಸ್.ಗೆ ಹಾಕಿಸಿ, ಅವು ತಿನ್ನುವ ಕರೆಂಟು ಅತ್ಯಲ್ಪ. ಮಿಷನ್ನನ್ನು ಮಾತ್ರ ಸಣ್ಣ ಯು.ಪಿ.ಎಸ್.ಗೆ ಹಾಕಬೇಡಿ. ಪುಡಿಯನ್ನು ಕಾಯಿಸಿ ಕಾಗದಕ್ಕೆ ಅಂಟಿಸುವಾಗ ಅದು ಒಮ್ಮೆಲೇ ಹೆಚ್ಚು ಕರೆಂಟು ಎಳೆಯುತ್ತದೆ. ಗುಡುಗು ಸಿಡಿಲಿನ ದಿನಗಳಲ್ಲಿ ಸಂಜೆ ಬಾಗಿಲು ಹಾಕುವಾಗ ಕರೆಂಟಿನ ಪ್ಲಗ್ಗಿನ ಜೊತೆಗೆ ನೆಟ್‌ವರ್ಕ್ ತಂತಿಯನ್ನೂ ಬಿಡಿಸಿ ಹೋಗುವುದು ಕ್ಷೇಮ. ಸಿಡಿಲು ಆ ತಂತಿಯ ಮೂಲಕವೂ ಬರುತ್ತದೆ.

ಮೂರನೆಯದು ನಂಬರು. ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕೆಂದು ವಿನಂತಿ. ಊರಿನಲ್ಲಿ ಮನೆಗೆ ಬೀದಿ, ಮನೆ ನಂಬರು ಇರುವಂತೆ ನೆಟ್‌ವರ್ಕಿನಲ್ಲಿರುವ ಪ್ರತಿ ಯಂತ್ರಕ್ಕೂ ಐ.ಪಿ. ನಂಬರು ಇರುತ್ತದೆ. ಉದಾಹರಣೆಗೆ 192.168.1.50. ಸಣ್ಣ ಕಚೇರಿಗಳಲ್ಲಿ ಮೊದಲ ಮೂರು ಭಾಗ ಬೀದಿಯಿದ್ದಂತೆ, ಕೊನೆಯದು ಮನೆಯಿದ್ದಂತೆ. ಒಂದೇ ಬೀದಿಯವರು ನೇರವಾಗಿ ಮಾತಾಡಿಕೊಳ್ಳುತ್ತಾರೆ. ಬೀದಿ ಬೇರೆಯಾದರೆ ತಂತಿ ಕೂಡಿದ್ದರೂ ಮಾತು ಕೂಡುವುದಿಲ್ಲ. ಮಿಷನ್ನಿನ ಪರದೆಯಲ್ಲಿ ನೆಟ್‌ವರ್ಕ್ ಎಂಬ ಜಾಗಕ್ಕೆ ಹೋದರೆ, ಅಥವಾ ಅದರ ವಿವರ ಪಟ್ಟಿಯನ್ನು ಮುದ್ರಿಸಿದರೆ ಈ ನಂಬರು ಕಾಣುತ್ತದೆ. ನಂಬರು 169.254 ಎಂದು ಆರಂಭವಾಗಿದ್ದರೆ, ನಂಬರು ಹಂಚುವ ರೂಟರಿನಿಂದ ಉತ್ತರ ಬಾರದೆ ಮಿಷನ್ನು ತಾನೇ ಒಂದು ನಂಬರು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಆಗ ತಂತಿಯನ್ನೂ ರೂಟರನ್ನೂ ಮತ್ತೆ ನೋಡಬೇಕು.

ನಮ್ಮ ಕಚೇರಿಯಲ್ಲೇ ನಡೆದದ್ದನ್ನು ಹೇಳುತ್ತೇವೆ. ಅಂತರ್ಜಾಲ ಸಂಪರ್ಕ ಕೊಡುವವರು ಒಂದು ದಿನ ಬಂದು, ಹಳೆಯ ರೂಟರ್ ತೆಗೆದು ಹೊಸದನ್ನು ಇಟ್ಟು ಹೋದರು. ಕಂಪ್ಯೂಟರುಗಳಲ್ಲಿ ನೆಟ್ ಬಂತು, ಎಲ್ಲರ ಫೋನಿಗೂ ಬಂತು. ಮಿಷನ್ನು ಮಾತ್ರ ಮೂಕವಾಯಿತು. ಸಾಲ ನವೀಕರಣಕ್ಕೆ ಬಂದ ಸದಸ್ಯರು ಹೊರಗೆ ಜಗಲಿಯಲ್ಲಿ ಸಾಲಾಗಿ ಕುಳಿತಿದ್ದರು. ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ, ನೋಡದೆಯೇ "ಒಳಗಿನ ಬೋರ್ಡು ಹೋಗಿರ್ತದೆ, ಹೊಸದು ಹಾಕ್ಬೇಕು, ನಾಲ್ಕು ದಿನ ಆಗ್ತದೆ" ಅಂದರು. ನಾವು ಕ್ರಮವಾಗಿ ನೋಡಿದೆವು. ಪ್ರತಿ ಬರುತ್ತಿದೆ. ದೀಪ ಉರಿಯುತ್ತಿದೆ. ಮಿಷನ್ನಿನ ನಂಬರು 192.168.1.50, ಹಿಂದೆ ಕೈಯಿಂದಲೇ ಇಟ್ಟ ಖಾಯಂ ನಂಬರು. ಕಂಪ್ಯೂಟರಿನ ನಂಬರು ನೋಡಿದರೆ 192.168.0 ಎಂದು ಆರಂಭವಾಗಿತ್ತು! ಹೊಸ ರೂಟರು ಬೀದಿಯ ಹೆಸರನ್ನೇ ಬದಲಾಯಿಸಿತ್ತು. ಕೇಳಿ ನಂಬರು ಪಡೆಯುವ ಕಂಪ್ಯೂಟರುಗಳೆಲ್ಲ ಹೊಸ ಬೀದಿಗೆ ಹೋದವು, ಖಾಯಂ ನಂಬರಿನ ಮಿಷನ್ನು ಹಳೇ ಬೀದಿಯಲ್ಲೇ ಒಂಟಿಯಾಗಿ ಉಳಿಯಿತು. ಬೋರ್ಡು ಹೋಗಿರಲಿಲ್ಲ, ಏನೂ ಕೆಟ್ಟಿರಲಿಲ್ಲ.

ಇದಕ್ಕೆ ಎರಡು ಪರಿಹಾರಗಳಿದ್ದವು. ಮಿಷನ್ನಿಗೆ ಹೊಸ ಬೀದಿಯ ನಂಬರು ಕೊಡುವುದು ಒಂದು. ಹಾಗೆ ಮಾಡಿದರೆ ಪ್ರತಿ ಕಂಪ್ಯೂಟರಿನಲ್ಲೂ ಮುದ್ರಕದ ನಂಬರನ್ನು ತಿದ್ದಬೇಕು. ಹೊಸ ರೂಟರಿಗೇ ಹಳೆಯ ಬೀದಿಯ ನಂಬರು, ಅಂದರೆ 192.168.1.1 ಎಂದು ಕೊಡುವುದು ಇನ್ನೊಂದು. ಒಂದು ಕಡೆ ತಿದ್ದಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ನಾವು ಎರಡನೆಯದನ್ನೇ ಆರಿಸಿ, ಕಂಪ್ಯೂಟರುಗಳನ್ನು ಒಮ್ಮೆ ಆರಿಸಿ ಹಚ್ಚಿದೆವು. ಮುದ್ರಣ ಬಂತು. ಜಗಲಿಯಲ್ಲಿದ್ದವರ ಕೆಲಸ ಅಂದೇ ಮುಗಿಯಿತು. ಬೋರ್ಡಿನ ದುಡ್ಡೂ ಸಂಘದಲ್ಲೇ ಉಳಿಯಿತು.

ನಂಬರಿನ ಇನ್ನೊಂದು ತಂಟೆಯೆಂದರೆ ಒಂದೇ ನಂಬರಿಗೆ ಇಬ್ಬರು ಯಜಮಾನರು. ಮಿಷನ್ನಿನ ನಂಬರನ್ನೇ ರೂಟರು ಯಾರದೋ ಫೋನಿಗೂ ಕೊಟ್ಟುಬಿಟ್ಟರೆ ಮುದ್ರಣ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. "ದೆವ್ವ ಹಿಡಿದ ಹಾಗೆ ಆಡ್ತದೆ" ಎನ್ನುವುದು ಇದಕ್ಕೇ. ಪರೀಕ್ಷೆ ಸುಲಭ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಪಿಂಗ್ ಎಂಬ ಆಜ್ಞೆಯ ಮುಂದೆ ಮಿಷನ್ನಿನ ನಂಬರು ಬರೆದು ಒತ್ತಿದರೆ, ಅದು ಮನೆ ಬಾಗಿಲಲ್ಲಿ ನಿಂತು "ಯಾರಿದ್ದೀರಿ?" ಎಂದು ಕೂಗಿದ ಹಾಗೆ. ಮಿಷನ್ನು ಹತ್ತಿದ್ದರೆ ಸಾಮಾನ್ಯವಾಗಿ ಉತ್ತರ ಬರುತ್ತದೆ. ಈಗ ಮಿಷನ್ನಿನ ನೆಟ್‌ವರ್ಕ್ ತಂತಿ ಬಿಡಿಸಿ ಮತ್ತೆ ಕೂಗಿ ನೋಡಿ. ಆಗಲೂ ಉತ್ತರ ಬಂದರೆ ಆ ಮನೆಯಲ್ಲಿ ಇನ್ನಾರೋ ಕುಳಿತಿದ್ದಾರೆ! ರೂಟರಿನಲ್ಲಿ ಮಿಷನ್ನಿನ ಹೆಸರಿಗೆ ಒಂದು ನಂಬರನ್ನು ಕಾಯ್ದಿರಿಸಿಬಿಟ್ಟರೆ ಈ ತಂಟೆ ಇರುವುದಿಲ್ಲ.

ನಾಲ್ಕನೆಯದು ಕಂಪ್ಯೂಟರು. ಮಿಷನ್ನಿನ ಉತ್ತರ ಬರುತ್ತಿದ್ದೂ ಮುದ್ರಣ ಬಾರದಿದ್ದರೆ, ಕಂಪ್ಯೂಟರಿನ ಮುದ್ರಕದ ಪಟ್ಟಿಯಲ್ಲಿ ಹಳೆಯ ನಂಬರು ಉಳಿದಿದೆಯೇ ನೋಡಬೇಕು. ಸಿಕ್ಕಿಕೊಂಡ ಒಂದು ಕಡತ ಹಿಂದಿನ ಹತ್ತನ್ನೂ ತಡೆದಿರಬಹುದು. ಕಿರಿದಾದ ರಸ್ತೆಯಲ್ಲಿ ಕಬ್ಬಿನ ಲಾರಿ ನಿಂತರೆ ಹಿಂದಿನ ಬಸ್ಸು ಹೋಗಲಾರದು. ಆ ಒಂದನ್ನು ರದ್ದು ಮಾಡಿದರೆ ಉಳಿದವು ಚಲಿಸುತ್ತವೆ. ಮುದ್ರಣ ಬರಲಿಲ್ಲವೆಂದು ಇಪ್ಪತ್ತು ಸಲ ಒತ್ತಿದರೆ, ದಾರಿ ಬಿಟ್ಟಾಗ ಇಪ್ಪತ್ತು ಪ್ರತಿಯೂ ಬಂದು ಕಾಗದ ದಂಡವಾಗುತ್ತದೆ.

ಐದನೆಯದು ಸ್ಕ್ಯಾನ್. ರೂಟರಿನ ಪ್ರಸಂಗ ಅಲ್ಲಿಗೆ ಮುಗಿಯಲಿಲ್ಲ. ಮುದ್ರಣ ಬಂದರೂ ಮಿಷನ್ನಿನಿಂದ ಕಂಪ್ಯೂಟರಿನ ಫೋಲ್ಡರಿಗೆ ಸ್ಕ್ಯಾನ್ ಹೋಗಲಿಲ್ಲ. ಕಾರಣವಿಷ್ಟೆ. ಹೊಸ ರೂಟರನ್ನು ಕಂಡ ವಿಂಡೋಸ್ ಅದನ್ನು ಗುರುತಿಲ್ಲದ ಸಾರ್ವಜನಿಕ ನೆಟ್‌ವರ್ಕ್ ಎಂದು ಬಗೆದು ಬಾಗಿಲು ಮುಚ್ಚಿಕೊಂಡಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತರಿಗೆ ನಾವು ಚೀಲ ಬಿಚ್ಚಿ ತೋರಿಸುತ್ತೇವೆಯೇ? ಹಾಗೆ. ಅದನ್ನು ಖಾಸಗಿ ನೆಟ್‌ವರ್ಕ್ ಎಂದು ಬದಲಾಯಿಸಿದ ಮೇಲೆ ಸ್ಕ್ಯಾನ್ ಹೋಯಿತು. ಕಂಪ್ಯೂಟರಿನ ಪಾಸ್‌ವರ್ಡು ಬದಲಾಯಿಸಿ, ಮಿಷನ್ನಿನಲ್ಲಿ ಹಳೆಯದನ್ನೇ ಬಿಟ್ಟಿದ್ದರೂ ಹೀಗೇ ಆಗುತ್ತದೆ.

ಹಳೆಯ ಮಿಷನ್ನುಗಳಲ್ಲಿ ಇನ್ನೊಂದು ತೊಡಕಿದೆ. ಅವು ಫೋಲ್ಡರಿಗೆ ಕಳಿಸಲು ಎಸ್.ಎಂ.ಬಿ. ಒಂದು ಎಂಬ ಹಳೆಯ ಭಾಷೆಯನ್ನೇ ಆಡುತ್ತವೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳಿಗೆ ನುಗ್ಗಿದ್ದು ಈ ಹಳೆಯ ಭಾಷೆಯ ಬಿರುಕಿನಿಂದಲೇ. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಅದನ್ನು ಹೊಸ ಕಂಪ್ಯೂಟರುಗಳಲ್ಲಿ ತಾನಾಗಿ ಹಾಕುವುದನ್ನು ನಿಲ್ಲಿಸಿದರು. "ಅದನ್ನ ಮತ್ತೆ ಆನ್ ಮಾಡಿದ್ರೆ ಆಯ್ತು" ಎಂದು ಹೇಳುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಸದಸ್ಯರ ಸಾಲ, ಠೇವಣಿಗಳ ಲೆಕ್ಕವಿರುವ ಕಂಪ್ಯೂಟರಿನ ಹಿಂಬಾಗಿಲನ್ನು ಒಂದು ಸ್ಕ್ಯಾನಿಗಾಗಿ ತೆರೆದಿಡುವುದು ಸಲ್ಲದು. ಮಿಷನ್ನಿನ ತಂತ್ರಾಂಶವನ್ನು ತಯಾರಕರಿಂದ ಹೊಸದಾಗಿಸಲು ಸಾಧ್ಯವೇ ಕೇಳಿ. ಆಗದಿದ್ದರೆ ಪೆನ್ ಡ್ರೈವಿಗೆ ಸ್ಕ್ಯಾನ್ ಮಾಡಿಕೊಳ್ಳಿ.

ಇ-ಮೇಲಿಗೆ ಕಳಿಸುವ ಸ್ಕ್ಯಾನ್ ನಿಂತಿದ್ದರೆ ಇನ್ನೆರಡು ಸಂಗತಿ ನೋಡಬೇಕು. ಇ-ಮೇಲು ಬೀದಿ ದಾಟಿ ಊರಾಚೆ ಹೋಗುವಂಥದು, ಆದ್ದರಿಂದ ಗೇಟ್‌ವೇ ಎಂಬ ಊರಬಾಗಿಲಿನ ನಂಬರು ಮಿಷನ್ನಿನಲ್ಲಿ ಸರಿಯಾಗಿರಬೇಕು. ಇನ್ನು ಜಿಮೇಲಿನವರು 2022ರ ಮೇ 30ರಿಂದ ಬರಿಯ ಹೆಸರು, ಪಾಸ್‌ವರ್ಡುಗಳಿಂದ ಇಂಥ ಯಂತ್ರಗಳು ಒಳಬರುವುದನ್ನು ನಿಲ್ಲಿಸಿದರು. ಆಮೇಲೆ ಬಹಳ ಕಚೇರಿಗಳಲ್ಲಿ "ಮಿಷನ್ ಕೆಟ್ಟೋಯ್ತು" ಎಂಬ ಮಾತು ಕೇಳಿಬಂತು. ಎರಡು ಹಂತದ ಪರಿಶೀಲನೆ ಜಾರಿಮಾಡಿ, ಮಿಷನ್ನಿಗೆಂದೇ 16 ಅಕ್ಷರಗಳ ಬೇರೆ ಪಾಸ್‌ವರ್ಡು ಪಡೆದು ಹಾಕಿದರೆ ಕೆಲಸ ಆಗುತ್ತದೆ. ಮಿಷನ್ನಿನ ಗಡಿಯಾರದಲ್ಲಿ ತಾರೀಕು ತಪ್ಪಿದ್ದರೂ ಇ-ಮೇಲು ತಡೆಯಬಹುದು.

ಬಂಧುಗಳೇ, ಮಾಡಬೇಕಾದುದನ್ನು ಹೇಳಿದೆವು, ಮಾಡಬಾರದ್ದು ಎರಡು ಮಾತು. ಫೈರ್‌ವಾಲ್ ಎಂಬ ಕಾವಲನ್ನು ಪೂರ್ತಿ ತೆಗೆದು ಹಾಗೆಯೇ ಬಿಡುವುದು ಬೇಡ. ಅದು ಕಳ್ಳನನ್ನು ಹಿಡಿಯಲಾಗದೆ ಬಾಗಿಲನ್ನೇ ಕಿತ್ತಂತೆ. ಇನ್ನು, ಗಾಬರಿಯಲ್ಲಿ ಫೋನಿನಲ್ಲಿ ಹುಡುಕಿ ಸಿಕ್ಕಿದ "ಸಹಾಯವಾಣಿ"ಗೆಲ್ಲ ಕರೆ ಮಾಡಬೇಡಿ. ಮಿಷನ್ ಸರಿಮಾಡುತ್ತೇವೆಂದು ಕಂಪ್ಯೂಟರನ್ನು ದೂರದಿಂದ ತಮ್ಮ ಹಿಡಿತಕ್ಕೆ ತೆಗೆದುಕೊಂಡು ಹಣ ದೋಚುವವರಿದ್ದಾರೆ. ನಂಬರನ್ನು ಮಿಷನ್ನಿನ ಜೊತೆ ಬಂದ ಪುಸ್ತಕದಿಂದ ಅಥವಾ ಬಿಲ್ಲಿನಿಂದಲೇ ತೆಗೆದುಕೊಳ್ಳಬೇಕು. ಯಾರಿಗೇ ಆಗಲಿ ಹಾಗೆ ಮೋಸವಾದರೆ ತಡಮಾಡದೆ 1930 ನಂಬರಿಗೆ ಕರೆ ಮಾಡಬೇಕು.

ದೋಷ ಹುಡುಕುವ ಹೊತ್ತಿನಲ್ಲಿ ಸದಸ್ಯರನ್ನು ಕಾಯಿಸಬೇಕಾಗಿಯೂ ಇಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ಪ್ರತಿ ತೆಗೆದುಕೊಡಬಹುದು. ಪೆನ್ ಡ್ರೈವ್ ಹಾಕುವ ಕಿಂಡಿಯಿದ್ದರೆ ಅದರಿಂದ ಮುದ್ರಿಸಲೂಬಹುದು. ಕಾಗದಪತ್ರ ತೆಗೆದುಕೊಂಡು, ಬಂದ ತಾರೀಕು ಬರೆದು ಸ್ವೀಕೃತಿ ಕೊಟ್ಟು ಕಳಿಸಬಹುದು. ಮತ್ತೊಮ್ಮೆ ಬರುವ ದಂಡನೆ ಸದಸ್ಯರಿಗೆ ಬೇಡ. "ನೆಟ್ ಇಲ್ಲ" ಎಂದು ನಮ್ಮಲ್ಲಿ ಯಾರಾದರೂ ಅಂದರೆ, "ಜೆರಾಕ್ಸ್ ಬರ್ತದಾ? ದೀಪ ಉರೀತದಾ? ನಂಬರು ನೋಡಿದ್ರಾ?" ಎಂದು ತಾವು ಕೇಳಬೇಕು. ಹಾಗೆ ಕೇಳಿದರೆ ನಮಗೆ ಬೇಸರವಿಲ್ಲ, ಸಂತೋಷವೇ. ಮಿಷನ್ನು ಸಂಘದ್ದು, ಸಂಘ ತಮ್ಮದು.

ಕೊನೆಯದಾಗಿ ಒಂದು ಸಲಹೆ. ಮಿಷನ್ನಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಬೇಕು. ಅದರಲ್ಲಿ ಮಿಷನ್ನಿನ ಐ.ಪಿ. ನಂಬರು, ರೂಟರಿನ ನಂಬರು, ಯಾವ ತಂತಿ ಸ್ವಿಚ್ಚಿನ ಎಷ್ಟನೇ ಕಿಂಡಿಯಲ್ಲಿದೆ, ಮಾರಿದವರ ಫೋನು, ಕಳೆದ ಸಲ ಏನು ಕೆಟ್ಟಿತ್ತು, ಯಾವ ತಾರೀಕು, ಹೇಗೆ ಸರಿಹೋಯಿತು ಎಂಬುದು ಸ್ವಚ್ಛವಾದ ಕನ್ನಡದಲ್ಲಿ ಇರಬೇಕು. ಪಾಸ್‌ವರ್ಡುಗಳು ಮಾತ್ರ ಗೋಡೆಯ ಮೇಲೆ ಬೇಡ, ಅವು ಲಕೋಟೆಯಲ್ಲಿ ಬೀರುವಿನೊಳಗಿರಲಿ. ಎಲ್ಲಾ ಸರಿಯಿರುವ ದಿನ ಬರೆದ ಹಾಳೆ ಕೆಟ್ಟ ದಿನ ಕಾಪಾಡುತ್ತದೆ. ಇಂದು ನಾವಿದ್ದೇವೆ, ನಾಳೆ ಬೇರೆಯವರು ಬರುತ್ತಾರೆ. ಲೆಕ್ಕದ ಪುಸ್ತಕದಂತೆ ಈ ತಿಳಿವಳಿಕೆಯೂ ಸಂಘದ ಆಸ್ತಿಯಾಗಿ ಉಳಿಯಬೇಕು. ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಅವರ ರಜೆಯ ದಿನ ಸಂಘಕ್ಕೂ ರಜೆ. ಊರಿನಲ್ಲಿ ಡಿಪ್ಲೊಮಾ, ಐ.ಟಿ.ಐ. ಓದಿದ ಮಕ್ಕಳಿದ್ದಾರೆ. ಅವರು ತಿಂಗಳಿಗೊಮ್ಮೆ ಒಂದು ಗಂಟೆ ಬಂದು ಈ ತಂತಿ, ಡಬ್ಬಿಗಳನ್ನು ನಮ್ಮ ಜೊತೆ ನೋಡಿದರೆ ಅವರಿಗೂ ಕಲಿಕೆ, ಸಂಘಕ್ಕೂ ಸೇವೆ.

 ಬೆಳ್ಳಿಹಬ್ಬ ಕಂಡ ನಮ್ಮ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ, "ನಾಳೆ ಬನ್ನಿ" ಎಂಬ ಮಾತು ಅದರ ಕಚೇರಿಯಲ್ಲಿ ಕೇಳದಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.